ಬೆನ್ನ ಹಿಂದಿನ ನೆರಿಗೆ

ಕೆಳಗಿನ ಅಂಗಡಿಯಲ್ಲಿ ಕರಿಮೆಣಸಿನ ಚೀಲ ಬಿಚ್ಚಿದರೆ ಗೋಣಿಕೊಪ್ಪಲಿನ ನಮ್ಮ ಮಹಡಿಯ ಅನಿಮೇಷನ್ ಸ್ಟುಡಿಯೋ ಪೂರ್ತಿ ಘಾಟು. ಇವತ್ತು ಬೆಳಿಗ್ಗೆ ಆ ಘಾಟಿಗೆ ಸೀನುತ್ತಲೇ ಡ್ರಾಯಿಂಗ್ ಟೀಚರ್ ನೆನಪಾದರು. ಅಂಗಳದಲ್ಲಿ ಮೆಣಸು ಹರವಿ ಹಾಗೇ ಶಾಲೆಗೆ ಬರುತ್ತಿದ್ದರು. ಸೆರಗಿಗೆಲ್ಲ ಅದೇ ವಾಸನೆ...

ನಮ್ಮ ಕೊಡಗಿನ ರೀತಿಯಲ್ಲಿ ನೆರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ ಸೀರೆ ಉಡುತ್ತಿದ್ದರು. ನಡೆಯುವ ಹೆಂಗಸನ್ನು ಬಿಡಿಸಲು ಹೇಳಿದರೆ ನಾನು ಕಣ್ಣು, ಮೂಗು, ಜುಮುಕಿ ಎಂದು ಮುಖದಲ್ಲೇ ಬೀಡುಬಿಡುತ್ತಿದ್ದೆ.

"ಎಂತ ಮಾರಾಯ್ತಿ, ಮನುಷ್ಯರು ಮೂಗಲ್ಲಿ ನಡೀತಾರಾ? ಹಿಂದೆ ಬಾ, ನೋಡು" ಎಂದು ಶಾಲೆಯ ಏರು ಹತ್ತುತ್ತಿದ್ದರು. ಕಾಗದ ಹಿಡಿದು ನಾನು ಹಿಂದೆ. ಹೆಜ್ಜೆ ಊರಿದ ಮೇಲೆ ಒಂದು ಕ್ಷಣ ತಡೆದು ನೆರಿಗೆ ವಾಲುತ್ತಿತ್ತು. ಆ ಕ್ಷಣವನ್ನು ಹಿಡಿಯಲು ಹರಿದು ಬಿಸಾಡಿದ ಹಾಳೆಗಳಿಗೆ ಲೆಕ್ಕವಿಲ್ಲ. ಕೊನೆಗೊಂದು ದಿನ ಹೆಜ್ಜೆಗೊಂದರಂತೆ ಬಿಡಿಸಿದ ಹಾಳೆಗಳನ್ನು ಜೋಡಿಸಿ ಪಟಪಟನೆ ಮಗುಚಿದಾಗ ಹೆಂಗಸು ನಡೆದೇಬಿಟ್ಟಳು. ಟೀಚರ್ ನಕ್ಕರು, ಹೊಗಳಲಿಲ್ಲ.

ಮೊನ್ನೆ ಆ ಕಲಿಕೆಯೇ ನಮ್ಮ ಅನ್ನ ಉಳಿಸಿತು. ಕೊಡಗಿನ ಮದುವೆಯ ಕತೆಯೊಂದನ್ನು ಅನಿಮೇಷನ್ ಮಾಡಿಸಲು ಬಂದ ನಿರ್ದೇಶಕಿ, ನಾವು ಬಿಡಿಸಿದ ಮಾದರಿಯ ಜೊತೆ ಹೋಲಿಸಲು ಅದೇ ದೃಶ್ಯವನ್ನು ಕೃತಕ ಬುದ್ಧಿಮತ್ತೆಯಿಂದ ಮಾಡಿದ ತುಣುಕನ್ನೂ ತಂದಿದ್ದರು. ಅದು ಗೆದ್ದರೆ ಕೈಯಲ್ಲಿ ಬಿಡಿಸುವ ನಾವು ಮೂವರೂ ಮನೆಗೆ ಎಂದು ಸ್ಟುಡಿಯೋ ಮಾಲೀಕರು ಮೊದಲೇ ಹೇಳಿದ್ದರು. ತುಣುಕು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಲಾರೆ. ಮದುಮಗಳ ತಾಯಿ ನೆರಿಗೆಯನ್ನು ಹಿಂದಿಟ್ಟುಕೊಂಡೇ ನಡೆದಳು. ಬಾಗಿಲ ಬಳಿ ತಿರುಗಿದಳು ನೋಡಿ, ನೆರಿಗೆ ಸದ್ದಿಲ್ಲದೆ ಮುಂದೆ ಬಂದಿತ್ತು.

ನಿರ್ದೇಶಕಿಯ ಜೊತೆ ಕುಟ್ಟ ಊರಿನಿಂದ ಬಂದಿದ್ದ ಅವರ ಅಜ್ಜಿ, "ನಡೀತಾ ನಡೀತಾನೇ ಸೀರೆ ಬಿಚ್ಚಿ ಉಟ್ಳಾ ಎಂತ ಇವಳು?" ಎಂದರು. ಆಮೇಲೆ ನಾವು ಬಿಡಿಸಿದ್ದು ಪರದೆಯ ಮೇಲೆ ಬಂತು. ಅಜ್ಜಿ ಕುರ್ಚಿ ಮುಂದೆಳೆದುಕೊಂಡು, "ಇನ್ನೊಮ್ಮೆ ಹಾಕಿ" ಎಂದರು. ಚಿತ್ರ ಪೂರ್ತಿ ನಮ್ಮ ಕೈಗೆ ಬಂತು. ಕುಣಿಯಬೇಕೆನಿಸಿತು, ಕುಣಿದೆವು ಕೂಡ; ಮೆಣಸಿನಂಗಡಿಯವರು ಏನಾಯಿತೆಂದು ಮೆಟ್ಟಿಲು ಹತ್ತಿ ಬಂದರು.

ಟೀಚರ್ ತೀರಿಕೊಂಡು ವರ್ಷಗಳಾದವು. ಈ ಗೆಲುವನ್ನು ಅವರಿಗೆ ಹೇಳಲಾಗಲಿಲ್ಲವೆಂಬ ಸಂಕಟ ಇದ್ದೇ ಇದೆ. ಅವರ ಒಂದು ಫೋಟೋ ಕೂಡ ನನ್ನಲ್ಲಿಲ್ಲ, ಮುಖವೂ ಮಸುಕಾಗಿದೆ... ನಡಿಗೆ ಮಾತ್ರ ನನ್ನ ಕೈಗೆ ಗೊತ್ತು.

ಇವತ್ತಿನಿಂದ ಮದುವೆಮನೆಯ ಜನಸಂದಣಿಯ ದೃಶ್ಯ. ಅದರ ನಡುವೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿಕೊಂಡು ನಡೆದು ಹೋಗುತ್ತಾರೆ. ಯಾರೆಂದು ನೋಡುವವರಿಗೆ ತಿಳಿಯುವುದಿಲ್ಲ. ಮದುಮಗಳನ್ನು ನಾಳೆಗಿಟ್ಟು, ಮೊದಲು ಅವರನ್ನೇ ಬಿಡಿಸಲು ಕೂತಿದ್ದೇನೆ.