ಕೋಣೆಯಲ್ಲಿ ಇಲ್ಲದವಳು

ಲಿಂಡನ್ ಪ್ರೂಯಿಟ್ ನಲವತ್ತೊಂದು ವರ್ಷ ನ್ಯಾಶ್‌ವಿಲ್ಲಿನಲ್ಲಿ ಏಸಿ ರಿಪೇರಿ ಮಾಡಿಕೊಂಡಿದ್ದ. ಅವನಿಗೆ ಹಾಡಲು ಬಾರದು, ಗಿಟಾರು ಹಿಡಿಯಲೂ ಬಾರದು. ಚರ್ಚಿನಲ್ಲಿ ಎಲ್ಲರೂ ಹಾಡುವಾಗ ತುಟಿ ಮಾತ್ರ ಆಡಿಸುತ್ತಿದ್ದ. ಇಂಥವನಿಗೆ ದೇಶಕ್ಕೆಲ್ಲ ಗೊತ್ತಿರುವ ಒಂದು ಹಾಡಿನಲ್ಲಿ ಮೂರನೇ ಒಂದು ಪಾಲು ಇತ್ತು.

ಆ ಊರಿನಲ್ಲಿ ಹಾಡು ಬರೆಯುವವರ ಬೀದಿಯ ಕಟ್ಟಳೆಯೇ ಹಾಗೆ. ಹಾಡು ಹುಟ್ಟುವಾಗ ಕೋಣೆಯಲ್ಲಿ ಇದ್ದವರಿಗೆಲ್ಲ ಹೆಸರಿನಲ್ಲೂ ಹಣದಲ್ಲೂ ಸಮಪಾಲು. ಒಬ್ಬ ಇಡೀ ಹಾಡು ಬರೆದಿರಲಿ, ಇನ್ನೊಬ್ಬ ಒಂದೇ ಪದ ಕೊಟ್ಟಿರಲಿ, ಅಳೆದು ತೂಗುವ ಹಾಗಿಲ್ಲ. ಅಳೆಯಲು ಹೊರಟವನ ಜೊತೆ ಮರುದಿನ ಯಾರೂ ಕೂತು ಬರೆಯುವುದಿಲ್ಲ.

1989ರ ಜುಲೈನಲ್ಲಿ ಹಾರ್ಲನ್ ಟೀಸ್ಲಿ ಮತ್ತು ಗಿಬ್ ಮ್ಯಾಡಕ್ಸ್ ಎಂಬ ಇಬ್ಬರು ಅಂಥದೊಂದು ಕೋಣೆಯಲ್ಲಿ ಬೆಳಗಿನಿಂದ ಬೆವರು ಸುರಿಸುತ್ತ ಕೂತಿದ್ದರು. ಒಂದು ಸಾಲೂ ಹುಟ್ಟಿರಲಿಲ್ಲ. ಕಿಟಕಿಯ ಏಸಿ ಕೆಟ್ಟಿತ್ತು, ಲಿಂಡನ್ ಮಂಡಿಯೂರಿ ಅದನ್ನು ಬಿಚ್ಚಿ ಹರಡಿಕೊಂಡಿದ್ದ.

"ಏನಯ್ಯಾ, ರಾತ್ರಿ ನಿದ್ದೆ ಮಾಡಿಲ್ವಾ? ಹೆಂಡ್ತಿ ಸೋಫಾ ಮೇಲೆ ಮಲಗಿಸಿದ್ಲಾ?" ಅಂತ ಗಿಬ್ ಕಿಚಾಯಿಸಿದ.

"ಲೇಟಾಗಿ ಹೋದೆ. ಒಳಗಿಂದ್ಲೇ ಕೂಗಿದ್ಲು: ಊಟ ಒಲೆ ಮೇಲಿದೆ, ಸಿಟ್ಟು ಇನ್ನೂ ಇಳಿದಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಮಧ್ಯಾಹ್ನದ ಊಟದ ಹೊತ್ತಿಗೆ ಆ ಮಾತನ್ನೇ ಪಲ್ಲವಿ ಮಾಡಿಕೊಂಡ ಹಾಡು ಮುಗಿದಿತ್ತು, ಏಸಿಯೂ ಉಸಿರಾಡುತ್ತಿತ್ತು. ಹಾರ್ಲನ್ ಒಂದು ಕಾಗದ ತೆಗೆದು, "ನಿನ್ನ ಹೆಸರಿನ ಸ್ಪೆಲಿಂಗ್ ಹೇಳು" ಅಂದ. ರಿಪೇರಿ ಬಿಲ್ಲಿಗೆ ಅಂದುಕೊಂಡು ಲಿಂಡನ್ ಹೇಳಿದ. ಅದು ಬಿಲ್ಲಲ್ಲ, ಹಾಡಿನ ಪಾಲುಪಟ್ಟಿ ಅಂತ ತಿಳಿದಾಗ ಅವನು ನಂಬಲಿಲ್ಲ. ವಾರದ ಮೇಲೆ ಮೂವರೂ ಹೋಗಿ ಒಂದು ಕಂಪನಿಗೆ ಹಾಡಿನ ಹಕ್ಕು ಬರೆದುಕೊಟ್ಟರು. ಬೆರಳು ತೋರಿಸಿದಲ್ಲಿ ಲಿಂಡನ್ ಸಹಿ ಹಾಕಿದ.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಆರ್ಲೀನ್ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

"ನನ್ನ ಮಾತು. ನನ್ನ ಹೆಸರೆಲ್ಲಿ?"

"ನೀನು ಕೋಣೇಲಿ ಇರಲಿಲ್ವಲ್ಲೇ."

"ಹೌದಪ್ಪ, ನಾನು ಅಡುಗೆಮನೇಲಿದ್ದೆ."

ಅಂಗಡಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಯಾರದೋ ಮದುವೆಯಲ್ಲಿ ಆ ಹಾಡು ಬಂದಾಗಲೆಲ್ಲ ಅವಳು ಗಂಡನ ಕಡೆ ತಿರುಗಿ, "ಮಾತು ನಂದು, ಹೆಸರು ಇವರದು" ಅನ್ನುತ್ತಿದ್ದಳು. ಮೊದಮೊದಲು ಅದು ತಮಾಷೆಯೇ ಆಗಿತ್ತು. ಯಾವ ವರ್ಷ ತಮಾಷೆ ಅಲ್ಲದೆ ಹೋಯಿತೋ ಲಿಂಡನ್ ಗಮನಿಸಲಿಲ್ಲ. ಗಂಡಸರು ಇಂಥದ್ದನ್ನೆಲ್ಲ ಎಲ್ಲಿ ಗಮನಿಸುತ್ತಾರೆ!

ಈ ವರ್ಷ ಫೆಬ್ರವರಿಯಲ್ಲಿ ಅವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಟೀವಿಯಲ್ಲಿ ಒಂದು ಜಾಹೀರಾತು ಬಂತು. ಡಬ್ಬಿಯ ಕೋಳಿ ಕಡುಬು, ಹಲ್ಲುಕಿರಿಯುವ ಗೃಹಿಣಿ, ಹಿನ್ನೆಲೆಗೆ ಅದೇ ಧಾಟಿ: "ಊಟ ಒಲೆ ಮೇಲಿದೆ, ಖುಷಿ ಇನ್ನೂ ಇಳಿದಿಲ್ಲ." ಹಕ್ಕು ಕಂಪನಿಯದು, ಹಾಡನ್ನು ಬಾಡಿಗೆಗೆ ಕೊಡಬಹುದು, ಪದ ಬದಲಿಸಲು ಒಪ್ಪಿಗೆಯನ್ನೂ ಕೊಡಬಹುದು. ಬರೆದವರನ್ನು ಒಂದು ಮಾತು ಕೇಳಬೇಕೆಂದೇನಿಲ್ಲ.

"ನಾನು ಖುಷಿಯಾಗಿದ್ದೆ ಅಂತ ಅವರಿಗೆ ಯಾರು ಹೇಳಿದ್ದು?" ಅಂದಳು ಆರ್ಲೀನ್. ಜಾಹೀರಾತು ಮುಗಿದ ಮೇಲೆ, "ಆ ಹಾಡಿನ ಕೆಳಗೆ ಒಂದ್ಸಲ ನನ್ನ ಹೆಸರು ನೋಡ್ಬೇಕಿತ್ತು ಕಣೋ" ಅಂದಳು.

"ನೋಡೋಣ" ಅಂದ ಲಿಂಡನ್. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನ 'ನೋಡೋಣ'ದ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಗೋಡೆಯ ಕಡೆ ಹೊರಳಿದಳು. ಮಾರ್ಚಿನಲ್ಲಿ ತೀರಿಕೊಂಡಳು.

ಮಣ್ಣು ಮಾಡುವಾಗ ಅವನು ಅಳಲಿಲ್ಲ. ಆಮೇಲೂ ಅಳಲಿಲ್ಲ. ನೆರೆಯವರು ಹೊತ್ತು ತಂದ ಊಟದ ತಟ್ಟೆಗಳನ್ನು ತೊಳೆದು, ಒರೆಸಿ, ಅವರವರ ಮನೆಗೆ ಮುಟ್ಟಿಸಿದ. ಎಷ್ಟೋ ಹೊತ್ತು ಮಡಿಸಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಅವಳ ಬಗ್ಗೆ ಮಾತು ಬಂದರೆ 'ಅವಳು ಇಲ್ಲ' ಅನ್ನುತ್ತಿದ್ದನೇ ಹೊರತು 'ಸತ್ತಳು' ಎಂಬ ಪದ ಬಾಯಿಗೆ ಬರುತ್ತಿರಲಿಲ್ಲ. ದಿನಾ ಮಧ್ಯಾಹ್ನ ಅದೇ ಹೋಟೆಲಿಗೆ ಹೋಗಿ, ಅದೇ ಮೂಲೆಯ ಮೇಜಿನಲ್ಲಿ ಕರಿದ ಕೋಳಿ, ಬೇಯಿಸಿದ ಸೊಪ್ಪು, ಜೋಳದ ಬ್ರೆಡ್ಡು ತಿಂದು ಬರುತ್ತಿದ್ದ. ತಿಂದದ್ದರ ರುಚಿ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಆಗಸ್ಟಿನಲ್ಲಿ ಒಂದು ದಿನ ಹಾರ್ಲನ್ ಆ ಮೇಜಿಗೇ ಬಂದು ಕೂತ. ಎಪ್ಪತ್ತೆಂಟು ವಯಸ್ಸು, ಕೋಲು ಹಿಡಿದಿದ್ದ, ಕಂಕುಳಲ್ಲಿ ಒಂದು ಫೈಲು.

"ಹಕ್ಕು ಬರ್ಕೊಟ್ಟು ಮೂವತ್ತೈದು ವರ್ಷ ದಾಟ್ತು ಮಾರಾಯ. ಕಾನೂನು ಪ್ರಕಾರ ಹಾಡನ್ನ ವಾಪಸ್ ಕೇಳಬಹುದು. ಎರಡು ವರ್ಷ ಮುಂಚೆ ನೋಟೀಸ್ ಕೊಡ್ಬೇಕು, ಮೂವರಲ್ಲಿ ಇಬ್ಬರ ಸಹಿ ಬೇಕು. ಗಿಬ್ ಹೋದ, ಅವನ ಮಗ ಕಾಗದಕ್ಕೆ ಉತ್ತರಾನೇ ಬರೆಯಲ್ಲ. ಉಳಿದಿರೋನು ನೀನು. ಆ ಕೋಳಿ ಕಡುಬಿನೋರ ಬಾಯಿಂದ ನನ್ನ ಹಾಡು ಕಿತ್ತುಕೊಂಡೇ ನಾನು ಸಾಯ್ಬೇಕು."

ಲಿಂಡನ್ ಬ್ರೆಡ್ಡು ಮುರಿಯುತ್ತಿದ್ದವನು ನಿಲ್ಲಿಸಿದ.

"ಹಾಕ್ತೀನಿ. ನನ್ನ ಹೆಸರು ಹೊಡೆದು ಆರ್ಲೀನ್ ಹೆಸರು ಬರಿ."

"ತಲೆ ಕೆಟ್ಟಿದೆಯಾ? ಪಾಲುಪಟ್ಟಿಯಿಂದ ಹೆಸರು ತೆಗೆದೋನು ಈ ಬೀದೀಲಿ ಯಾರಿದಾನೆ? ಅವಳು ಕೋಣೇಲಿ ಇರಲೂ ಇಲ್ಲ."

"ಹಾಗಾದ್ರೆ ಸಹಿ ಇಲ್ಲ."

ಅವನು ದನಿ ಏರಿಸಲಿಲ್ಲ. ಉಪ್ಪಿನ ಡಬ್ಬಿ ಆಚೆ ಸರಿಸು ಅಂದಷ್ಟೇ ತಣ್ಣಗೆ ಹೇಳಿ ಸೊಪ್ಪಿಗೆ ಚಮಚ ಹಾಕಿದ. ಹಾರ್ಲನ್ ಮುಖ ಕೆಂಪಾಯಿತು. ಜೀವಮಾನವಿಡೀ ಆ ಕಟ್ಟಳೆಯನ್ನು ಬೈಬಲ್ಲಿನಂತೆ ಪಾಲಿಸಿದವನು ಅವನು, ಮೆಕ್ಯಾನಿಕ್ಕನ ಹೆಸರನ್ನೂ ಬಿಡದೆ ಬರೆದವನು. ಈಗ ಅದೇ ಮೆಕ್ಯಾನಿಕ್ಕು ಅವನ ಜುಟ್ಟು ಹಿಡಿದು ಕೂತಿದ್ದ.

ಬಡಿಸುವವಳು ಎರಡು ಸಲ ಚಹಾ ತುಂಬಿಸಿ ಹೋದಳು. ಕೊನೆಗೆ ಹಾರ್ಲನ್ ಫೈಲಿನಿಂದ ಎರಡು ಕಾಗದ ತೆಗೆದ. ಒಂದು ಕಂಪನಿಗೆ ನೋಟೀಸು. ಇನ್ನೊಂದು, ವಾಪಸು ಬಂದ ಹಾಡನ್ನು ಹೊಸದಾಗಿ ದಾಖಲೆ ಮಾಡಿಸುವ ನಮೂನೆ. ಪೆನ್ನಿನ ಮುಚ್ಚಳ ತೆಗೆದು, ಹಾಡು ಮುಗಿದ ಮೇಲೆ ಆ ಬೀದಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದ.

"ಆವತ್ತು ಕೋಣೇಲಿ ಯಾರ್ಯಾರಿದ್ವಿ?"

"ನೀನು. ಗಿಬ್. ನಾನು."

ಹಾರ್ಲನ್ ಬರೆದುಕೊಂಡ, ಆದರೆ ಪೆನ್ನು ಎತ್ತಲಿಲ್ಲ. "ಯೋಚನೆ ಮಾಡಿ ಹೇಳು. ನನಗೂ ವಯಸ್ಸಾಯ್ತು, ನೆನಪು ಸಾಲದು. ವಕೀಲ ಬೈದ್ರೆ ಬೈಯ್ಲಿ."

ಲಿಂಡನ್ ಅವನ ಮುಖವನ್ನೇ ನೋಡಿದ.

"ಆರ್ಲೀನ್ ಇದ್ಲು" ಅಂದ.

"ಹೆಸರಿನ ಸ್ಪೆಲಿಂಗ್ ಹೇಳು."

ಲಿಂಡನ್ ಒಂದೊಂದೇ ಅಕ್ಷರ ಹೇಳಿದ. ನಾಲ್ಕು ಹೆಸರು, ನಾಲ್ಕು ಸಮಪಾಲು. ಹಾರ್ಲನ್ ಕಾಗದವನ್ನು ಅವನ ಕಡೆ ತಿರುಗಿಸಿ, "ಉಳಿದದ್ದು ನೀನೇ ತುಂಬು, ನನಗೆ ಗೊತ್ತಿಲ್ಲ" ಅಂತ ಪೆನ್ನು ಕೊಟ್ಟ. ಅವಳ ಹೆಸರಿನ ಮುಂದೆ ಎರಡು ಸಣ್ಣ ಚೌಕಗಳಿದ್ದವು. ಒಂದು ಹುಟ್ಟಿದ ವರ್ಷಕ್ಕೆ, ಇನ್ನೊಂದು ತೀರಿಕೊಂಡ ವರ್ಷಕ್ಕೆ.

ಮೊದಲನೆಯದನ್ನು ಅವನು ತಡವರಿಸದೆ ತುಂಬಿದ. 1955.

ಎರಡನೆಯದರ ಮೇಲೆ ಪೆನ್ನು ನಿಂತಿತು. ತಲೆಯ ಮೇಲೆ ಹೋಟೆಲಿನ ಹಳೆಯ ಏಸಿ ಗೊರಗೊರ ಅನ್ನುತ್ತಿತ್ತು. ಬೇರಿಂಗ್ ಹೋಗಿದೆ ಅಂತ ಅವನ ಕಿವಿ ತನ್ನ ಪಾಡಿಗೆ ತಾನು ಲೆಕ್ಕ ಹಾಕಿತು. ಹಾರ್ಲನ್ ಕಿಟಕಿಯ ಕಡೆ ತಿರುಗಿ ಕೂತ. ಲಿಂಡನ್ 2 ಬರೆದ, 0 ಬರೆದ, ಮತ್ತೆ 2 ಬರೆದ. ಕೊನೆಯ 5 ಚೌಕದಿಂದ ಹೊರಗೆ ಹೋಯಿತು.

"ಸತ್ತೋದ್ಲು ಕಣೋ ಹಾರ್ಲನ್" ಅಂದ. ಆಮೇಲೆ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೋಟೆಲಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅತ್ತ.