ವಿಭೂತಿ ಹಚ್ಚಿದ ಹಂಚು

ನನ್ನ ಸೊಂಟಕ್ಕೆ ಹಳದಿ ಪಟ್ಟಿ ಬಂದಿದೆ, ಕರಾಟೆಯದು! ನಂಬದಿದ್ದರೆ ದಾಂಡೇಲಿಯ ಬಂಗೂರನಗರಕ್ಕೆ ಬನ್ನಿ; ಪಟ್ಟಿ ಕಟ್ಟಿಕೊಂಡೇ ಚಹಾ ಕೊಡುತ್ತೇನೆ. ಕೈಗಳನ್ನು ಮಡಿಲಲ್ಲಿಟ್ಟು ಕೂತರೇ ಹುಡುಗಿಗೆ ಲಕ್ಷಣ ಎಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಐವತ್ತರ ಹತ್ತಿರ ಬಂದ ಮೇಲೆ ಆ ಕೈ ಮುಷ್ಟಿಯಾಯಿತು.

ಇದಕ್ಕೆಲ್ಲ ಕಾರಣ ನಮಗೆ ಕರಾಟೆ ಕಲಿಸುವ ದಸ್ತಗೀರ ಮಾಸ್ತರರು. ಹರೆಯದಲ್ಲೇ ಅವರ ಮೊಣಕಾಲು ಕೆಟ್ಟು, ಗುರುಗಳು "ಇನ್ನು ನಿನಗೆ ಇದು ಆಗದು" ಎಂದು ಕಳಿಸಿಬಿಟ್ಟರಂತೆ. ಅವರು ಇಲ್ಲೇ ಸಮೀಪದ ರಾಮನಗರದ ಗ್ಯಾರೇಜಿನಲ್ಲಿ ದುಡಿಯುತ್ತಲೇ, ಕಾಲೆತ್ತದೆ ಹೊಡೆಯುವ ತಮ್ಮದೇ ಶೈಲಿಯೊಂದನ್ನು ಕಟ್ಟಿದರು. ಸೀರೆ ಉಟ್ಟ, ಮಂಡಿ ನೋಯುವ ನಮ್ಮಂಥವರಿಗೆ ಇನ್ನೇನು ಬೇಕು? ಓಣಿಗೆ ಓಣಿಯೇ ಸೇರಿಬಿಟ್ಟೆವು. ಕರಾಟೆ ಎಂದರೆ ಬರಿಗೈ ಎಂದು ಅವರು ಅರ್ಥ ಹೇಳಿದ ದಿನ ನನಗೆ ನಗು ತಡೆಯಲಾಗಲಿಲ್ಲ. ಸೌಟೋ, ಚೀಲವೋ, ಮನೆಯವರ ಕನ್ನಡಕವೋ ಇಲ್ಲದ ಕೈ ಹೇಗಿರುತ್ತದೆಂದೇ ಮರೆತಿದ್ದೆ.

ನಮ್ಮ ತರಗತಿ ನಡೆಯುವ ಸಭಾಭವನದ ಕಾರ್ಯದರ್ಶಿಗಳಿಗೆ ಮಾತ್ರ ನಂಬಿಕೆ ಇರಲಿಲ್ಲ. "ಕಾಲ ಎತ್ತಂಗಿಲ್ಲಂದ್ರ ಇದು ಕರಾಟೆನೋ ಕೋಲಾಟನೋ?" ಎಂದರು. ಅವರ ಷರತ್ತು: ಪಟ್ಟಿಯ ಪರೀಕ್ಷೆಯ ದಿನ ನಮ್ಮಲ್ಲಿ ಒಬ್ಬಳಾದರೂ ಬರಿಗೈಯಲ್ಲಿ ಮಾಡಿನ ಹಂಚು ಒಡೆದರೆ ಭವನ ನಮಗೆ, ಇಲ್ಲವಾದರೆ ಬ್ಯಾಡ್ಮಿಂಟನ್‌ನವರಿಗೆ. ಮಾಸ್ತರರು ನಕ್ಕರು, ಆದರೆ ಕೈ ಮೊಣಕಾಲನ್ನು ಸವರುತ್ತಿತ್ತು. ಇನ್ನೊಮ್ಮೆ "ಆಗದು" ಎನ್ನಿಸಿಕೊಳ್ಳುವ ವಯಸ್ಸು ಅವರದಲ್ಲ.

ಪರೀಕ್ಷೆಯ ದಿನ ಹಂಚುಗಳು ಬಂದವು. ಹೊಸ ಮಿಕ್ಸರ್‌ಗೂ ಕುಂಕುಮ ಹಚ್ಚದೆ ಸ್ವಿಚ್ ಹಾಕದ ಜನ ನಾವು. ಹಳಿಯಾಳದ ಕಡೆಯ ನೀಲವ್ವ ಅವನ್ನೆಲ್ಲ ತೊಳೆದು, ಮೂರು ಬೆರಳಲ್ಲಿ ವಿಭೂತಿ ಎಳೆದು, ಹೂವನ್ನೂ ಏರಿಸಿದಳು. ಎಲ್ಲರೂ ಕೈ ಮುಗಿದೆವು. ಮೊದಲ ಸರದಿ ನನ್ನದು. ಎರಡು ಇಟ್ಟಿಗೆಗಳ ಮೇಲೆ ಮಲಗಿದ್ದ ಹಂಚು ಸಾಕ್ಷಾತ್ ಶಿವನಂತೆ ನನ್ನನ್ನೇ ನೋಡುತ್ತಿತ್ತು. ಎತ್ತಿದ ಕೈ ಅಲ್ಲೇ ನಿಂತಿತು.

"ಹೊಡೀರಿ ಅಕ್ಕಾರ," ಎಂದರು ಮಾಸ್ತರರು.

"ಹೆಂಗ ಹೊಡೀಲ್ರಿ? ಪೂಜಾ ಆಗೇತಿ!"

"ನೀಲವ್ವಾರ, ನೀವರ ಬರ್ರಿ."

"ಶಿವಪ್ಪಗ ಗುದ್ದು ಅಂತೀರೇನ್ರಿ? ನಾ ಒಲ್ಲೆ ನಮ್ಮವ್ವಾ!" ನೀಲವ್ವ ಕೆನ್ನೆ ಬಡಿದುಕೊಂಡಳು.

ಕಾರ್ಯದರ್ಶಿಗಳು ಎದ್ದರು. "ಬ್ಯಾಡ್ಮಿಂಟನ್‌ನವ್ರಿಗೆ ಫೋನ್ ಹಚ್ಚಲೇನ್ರಿ ಮಾಸ್ತರ?"

ಮಾಸ್ತರರು ಹಂಚನ್ನು ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಅಲ್ರೀ ಅಕ್ಕಾರ, ಪೂಜಿಗೆ ಇಟ್ಟ ತೆಂಗಿನಕಾಯಿ ಏನ್ ಮಾಡ್ತೀರಿ?"

"ಒಡೀತೇವ್ರಿ," ಎಂದಿತು ನನ್ನ ಬಾಯಿ. ಬಾಯಿ ಮುಚ್ಚುವುದರೊಳಗೆ ಕೈ ಇಳಿದಿತ್ತು. ಫಟ್! ಹಂಚು ಎರಡು ಹೋಳು. ರೂಢಿಯಂತೆ "ಸಾರಿ" ಎಂದೆ. ಹಂಚಿಗೋ, ಶಿವನಿಗೋ, ಸಿಸ್ಟರಿಗೋ ತಿಳಿಯದು. ನೀಲವ್ವ "ಹರಹರ ಮಹಾದೇವ" ಎಂದು ಓಡಿಬಂದು ಇನ್ನೊಂದನ್ನು ಒಡೆದಳು. ಆಮೇಲೆ ಸಾಲು ಹತ್ತಿತು, ಹಂಚುಗಳೇ ಸಾಲದೆ ಹೋದವು. ಕಾರ್ಯದರ್ಶಿಗಳ ಫೋನು ಕಿಸೆ ಸೇರಿತು. ಮಾಸ್ತರರು ಒಂದೇ ಕಾಲಲ್ಲಿ ಕುಣಿದರು.

ಈಗ ಅದೇ ಅವರ ಶೈಲಿಯ ನಿಯಮ. ಹೊಸದಾಗಿ ತೆರೆದ ಮುಂಡಗೋಡದ ಶಾಖೆಯಲ್ಲೂ ತಮ್ಮ ತಮ್ಮ ರೀತಿಯಲ್ಲಿ ಹಂಚಿಗೆ ನಮಸ್ಕರಿಸದೆ ಯಾರೂ ಕೈ ಎತ್ತುವಂತಿಲ್ಲ. ಮೊಣಕಾಲು ಕೆಟ್ಟು ಒಂದು ನಿಯಮ, ಹೆಂಗಸರು ಎಡವಟ್ಟು ಮಾಡಿ ಇನ್ನೊಂದು. ನನ್ನ ಅಡುಗೆಯೂ ಹೀಗೆಯೇ ಬೆಳೆದದ್ದು.

ನನ್ನ ಹಂಚಿನ ಒಂದು ಚೂರು ಕರಿಬೇವಿನ ಕುಂಡದ ತಳದ ತೂತಿಗೆ ಮುಚ್ಚಳವಾಗಿದೆ. ಗಿಡಕ್ಕೆ ನೀರು ಹಾಕುವಾಗ ಒಂದು ಕೈಯಲ್ಲಿ ತಂಬಿಗೆ ಇರುತ್ತದೆ. ಇನ್ನೊಂದನ್ನು ಬರಿದಾಗಿಯೇ ಬಿಟ್ಟಿರುತ್ತೇನೆ. ಕನ್ನಡಕ ಎಲ್ಲಿ ಎಂದು ಕೇಳಲು ಬಂದ ಮನೆಯವರು ಆ ಬರಿಗೈ ನೋಡಿ, ತಾವೇ ಹುಡುಕಿಕೊಳ್ಳುತ್ತಾರೆ.