ಪೊದೆ ವಿಭಾಗದ ಕೊನೆಯ ಪೊದೆ

ನಮ್ಮ ಸಸ್ಯೋದ್ಯಾನದ ಪೊದೆ ವಿಭಾಗಕ್ಕೊಬ್ಬರು ಮುಖ್ಯಸ್ಥರಿದ್ದರು. ಎಲ್ಲರೂ ಅವರನ್ನು ‘ಪೊದೆ ಸಾಹೇಬರು’ ಎನ್ನುತ್ತಿದ್ದರು. ಅವರ ಕಿವಿಗೆ ಅದು ಬಿರುದಿನಂತೆಯೇ ಕೇಳುತ್ತಿತ್ತು. ಉದ್ಯಾನದ ನಿಯಮ ಸರಳ: ಆಳೆತ್ತರ ದಾಟಿದ್ದು ಮರ, ಆಸರೆ ಹಿಡಿದದ್ದು ಬಳ್ಳಿ, ಎರಡೂ ಅಲ್ಲದೆ ಬುಡದಲ್ಲೇ ಕವಲೊಡೆದದ್ದು ಪೊದೆ. ಮೂರಕ್ಕೂ ಬೇರೆ ಬೇರೆ ಕೋಣೆ, ಕುರ್ಚಿ, ನೀರಿನ ಕೊಳವೆ. ಗಿಡ ರೂಪ ಬದಲಿಸಿದರೆ ಅಂದೇ ವಿಭಾಗವನ್ನೂ ಬದಲಿಸಬೇಕು.

ಗಿಡಗಳಿಗೆ ಈ ನಿಯಮ ಗೊತ್ತಿರಲಿಲ್ಲ. ದಾಸವಾಳ ಎತ್ತರಕ್ಕೆ ಹೋಗಿ ಮರವಾಯಿತು. ಮಲ್ಲಿಗೆ ಬೇಲಿ ಹತ್ತಿ ಬಳ್ಳಿಯಾಯಿತು. ಕೊನೆಗೆ ಸಾಹೇಬರ ಪಾಲಿಗೆ ಉಳಿದದ್ದು ಒಂದೇ ಒಂದು ಕಾಗದದ ಹೂವಿನ ಪೊದೆ. ಅದೂ ಕೈತಪ್ಪಿದರೆ ವಿಭಾಗ ಮುಚ್ಚಿ, ಅವರು ಮರದವರ ಕೈಕೆಳಗೆ ಹೋಗಬೇಕು. ಅಲ್ಲಿನ ಮುಖ್ಯಸ್ಥ ಅವರ ಹೆಂಡತಿಯ ತಮ್ಮ. ತಾವೇ ಕೈಹಿಡಿದು ಕೆಲಸಕ್ಕೆ ಸೇರಿಸಿದ ಭಾಮೈದನ ಮುಂದೆ ರಜೆ ಕೇಳಿಕೊಂಡು ನಿಲ್ಲುವುದನ್ನು ನೆನೆದರೇ ಅವರಿಗೆ ಬೆವರು ಕಿತ್ತುಕೊಳ್ಳುತ್ತಿತ್ತು.

ಭಾಮೈದ ವಾರಕ್ಕೊಮ್ಮೆ ಅಳತೆಕೋಲು ಹಿಡಿದು ಬರುತ್ತಿದ್ದ.

“ಭಾವ, ನಿಮ್ಮ ಪೊದೆ ನನ್ನ ಮೂಗಿನವರೆಗೆ ಬಂತಲ್ಲ.”

“ನೀನು ಕುಳ್ಳ ಕಣಯ್ಯ. ಅದಕ್ಕೆ ಪೊದೆ ಏನು ಮಾಡುತ್ತೆ?”

ಅವನು ಅತ್ತ ಹೋದದ್ದೇ ತಡ, ಸಾಹೇಬರು ಕತ್ತರಿ ತಂದು ತುದಿ ಕತ್ತರಿಸುತ್ತಿದ್ದರು. ತಲೆ ತೆಗೆದರೆ ತಗ್ಗಿಬಗ್ಗಿ ನಡೆಯಲು ಗಿಡವೇನು ಗುಮಾಸ್ತನೇ? ಅದು ಪಕ್ಕಕ್ಕೆ ಉದ್ದುದ್ದ ಕೊಂಬೆ ಚಾಚಿ, ಮುಳ್ಳು ಊರಿ, ಭಾಮೈದನ ಹಳೇ ಮರವೊಂದರ ಹೆಗಲೇರಿ ಹೂಬಿಟ್ಟಿತು.

ಬಳ್ಳಿ ವಿಭಾಗದ ಮೇಡಂ ಅಂದೇ ಹಾಜರು. “ಆಸರೆ ಹಿಡಿದಿದೆ. ನಮ್ಮದು.”

“ಆಳೆತ್ತರ ದಾಟಿದೆ ಮೇಡಂ, ನಮ್ಮದು,” ಎಂದ ಭಾಮೈದ.

“ಮಗೂನ ಹೆಗಲ ಮೇಲೆ ಕೂರಿಸ್ಕೊಂಡ್ರೆ ಅದು ದೊಡ್ಡೋರಾಗಿಬಿಡುತ್ತೇನ್ರೀ?”

ಗಲಾಟೆ ಕೇಳಿ ನಿರ್ದೇಶಕರೇ ಬಂದರು. ಸಾಹೇಬರು ಮಾನ ಉಳಿಸಿಕೊಳ್ಳಲು ಗಂಟಲು ಸರಿಮಾಡಿಕೊಂಡರು.

“ಸಾರ್, ಮರ ಅನ್ನೋದು ಒಂದು ವಂಶ ಅಲ್ಲ, ಬದುಕೋ ರೀತಿ. ಒಂದೇ ಕುಟುಂಬದಲ್ಲಿ ಅಣ್ಣ ಮರ, ತಮ್ಮ ಪೊದೆ, ತಂಗಿ ಬಳ್ಳಿ. ಮರವಾಗಿದ್ದ ಅಜ್ಜನ ಸಂತಾನ ಮೊಣಕಾಲುದ್ದದ ಗಿಡ ಆಗಿದೆ. ಆ ಗಿಡದ ಪೀಳಿಗೆ ಯಾವುದೋ ದ್ವೀಪ ಸೇರಿ, ಅಲ್ಲಿ ಜಾಗ ಖಾಲಿ ಇದೆ ಅಂತ ಮತ್ತೆ ಮರ ಆಗಿದೆ. ಇಂಥದ್ದನ್ನ ಇದು ಅವರದ್ದು, ಅದು ಇವರದ್ದು ಅಂತ ಹೇಗೆ ಕಿತ್ಕೊಳ್ಳೋದು ಸಾರ್?”

ನಿರ್ದೇಶಕರು ತಲೆದೂಗಿದರು. “ನಿಜ. ಹಾಗಾದ್ರೆ ನಮಗೆ ಮೂರು ವಿಭಾಗ ಯಾಕ್ರೀ?”

ಸಂಜೆಯೊಳಗೆ ಮೂರೂ ಒಂದಾದವು. ಹಿರಿತನದ ಮೇಲೆ ಮೇಡಂ ಮುಖ್ಯಸ್ಥರಾದರು. ಭಾವ ಭಾಮೈದರಿಗೆ ಸೇರಿ ಒಂದೇ ಮೇಜು.

ಸಾಹೇಬರು ಮನೆಗೆ ಬಂದವರೇ ಕೈ ತೊಳೆಯುತ್ತ ಹೆಂಡತಿಗೆ ಹೇಳಿದರು: “ಕುರ್ಚಿ ಹೋದರೆ ಹೋಗಲಿ ಕಣೇ. ನಿನ್ನ ತಮ್ಮನ ಕೈಕೆಳಗಂತೂ ಬೀಳಲಿಲ್ಲ.”

“ಅವನೂ ಈಗ ಫೋನ್ ಮಾಡಿದ್ದ,” ಎಂದಳು ಆಕೆ. “ಸದ್ಯ, ಭಾವನ ಕೈಕೆಳಗೆ ಬೀಳಲಿಲ್ಲ ಅಕ್ಕ, ಬದುಕಿಕೊಂಡೆ ಅಂದ.”

ಸಾಹೇಬರು ನಲ್ಲಿ ನಿಲ್ಲಿಸುವುದನ್ನು ಮರೆತರು.